ಮಂಚದಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ

ವಯಸ್ಸಾದ ಅಪ್ಪ ಅಮ್ಮ ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂದಾಗ ಮಕ್ಕಳೆಲ್ಲ ಕೂತು ರೂಮು ಎಷ್ಟಿವೆ, ಆಸ್ಪತ್ರೆ ಎಷ್ಟು ದೂರ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದವರು ನಡೆಯುವ ದಾರಿ ಹೇಗಿದೆ ಎಂದು ಕೇಳುವವರು ಕಡಿಮೆ. ಆ ದಾರಿ ನೆಟ್ಟಗಿದ್ದರೆ ಎಂಬತ್ತು ದಾಟಿದವರೂ ಎಷ್ಟೋ ವರ್ಷ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುತ್ತಾರೆ. ಅಲ್ಲೇ ಒಂದು ರಾತ್ರಿ ಜಾರಿ ಸೊಂಟದ ಹತ್ತಿರ ಮೂಳೆ ಮುರಿದರೆ ಮಿಕ್ಕ ಲೆಕ್ಕವೆಲ್ಲ ತಲೆಕೆಳಗು.

ಇದೇ ಕಾರಣಕ್ಕೆ, ಮೂರು ತಿಂಗಳು ದೊಡ್ಡ ಮಗನ ಮನೆ, ಮೂರು ತಿಂಗಳು ಚಿಕ್ಕವನ ಮನೆ ಎಂಬ ಪಾಳಿ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಅದು ನ್ಯಾಯವಾಗಿ ಕಾಣುತ್ತದೆ. ಆದರೆ ಪ್ರತಿ ಸಲವೂ ಮಂಚ ಬೇರೆ, ಸ್ವಿಚ್ಚು ಬೇರೆ, ಬಚ್ಚಲ ಬಾಗಿಲು ಬೇರೆ ಕಡೆಗೆ. ಮರೆವು ಶುರುವಾದವರಿಗಂತೂ ಮನೆ ಬದಲಾದ ಮೊದಲ ವಾರ ರಾತ್ರಿ ದಿಕ್ಕೇ ತಿಳಿಯುವುದಿಲ್ಲ. ಒಂದು ಮನೆಯನ್ನು ಸರಿಯಾಗಿ ಸಜ್ಜು ಮಾಡಿ, ಪಾಳಿಯ ಮೇಲೆ ಮಕ್ಕಳೇ ಅಲ್ಲಿಗೆ ಬಂದಿರುವುದು ವಾಸಿ. ಖರ್ಚು ಹಂಚಿಕೊಳ್ಳಿ, ಮುದುಕರನ್ನು ಹಂಚಿಕೊಳ್ಳಬೇಡಿ.

ಮೊದಲು ಮಂಚ. ಅಂಚಿನಲ್ಲಿ ಕೂತರೆ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಹೆಚ್ಚಿನವರಿಗೆ ಇದು ಹಾಸಿಗೆ ಸೇರಿ 17ರಿಂದ 19 ಇಂಚು. ಹಳೇ ಮಂಚ ತಗ್ಗಾಗಿದ್ದರೆ ಬಡಗಿಯಿಂದ ಕಾಲಿಗೆ ಗುಳಿಯಿರುವ ಮರದ ತುಂಡು ಮಾಡಿಸಿ. ಇಟ್ಟಿಗೆ ಇಡಬೇಡಿ, ಒಂದು ದಿನ ಮಂಚ ಜಾರುತ್ತದೆ. ಎತ್ತರ ಸಾಲದೆಂದು ಎರಡು ಹಾಸಿಗೆ ಪೇರಿಸುವುದೂ ತಪ್ಪು. ಮೆತ್ತನೆಯ ಅಂಚು ಕುಸಿದು, ಏಳಲು ಹೊರಟವರನ್ನು ಹಿಂದಕ್ಕೆಳೆಯುತ್ತದೆ.

ಎಷ್ಟೋ ಜನ ಬೀಳುವುದು ಜಾರಿ ಅಲ್ಲ, ಎದ್ದ ತಕ್ಷಣ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬಂದು. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಆಮೇಲೆ ನಿಲ್ಲಿಸಿ, ಪಕ್ಕದಲ್ಲೊಬ್ಬರು ಹಿಡಿದುಕೊಂಡು, ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ, ನಿದ್ದೆ ಮಾತ್ರೆ ಮೂರೂ ಸೇರಿದಾಗ ಹೀಗಾಗುವುದು ಸಾಮಾನ್ಯ. ಮೂತ್ರ ಹೆಚ್ಚಿಸಿ ಮೈಯ ನೀರಿಳಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ ಬೆಳಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಇಷ್ಟರಿಂದಲೇ ರಾತ್ರಿ ನಾಲ್ಕು ಸಲ ಏಳುವವರು ಎರಡು ಸಲಕ್ಕೆ ಇಳಿಯಬಹುದು. ನಿಮ್ಮಷ್ಟಕ್ಕೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಎದ್ದು ಕೂತ ಮೇಲೆ ಒಂದೆರಡು ನಿಮಿಷ ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲುವುದು ರೂಢಿಯಾಗಬೇಕು.

ಬೆಳಕು ಮೇಲಿಂದ ಬರಬಾರದು, ನೆಲದ ಹತ್ತಿರದಿಂದ ಬರಬೇಕು. ಕೆಳಗಿನ ಪ್ಲಗ್ಗಿಗೆ ಸಿಕ್ಕಿಸುವ, ಓಡಾಟ ಕಂಡರೆ ತಾನೇ ಹೊತ್ತಿಕೊಳ್ಳುವ ಪುಟ್ಟ ದೀಪ ಎರಡು ಸಾಕು. ಕರೆಂಟು ಹೋದರೆ ಅವು ಕೆಲಸಕ್ಕೆ ಬಾರವು, ದಿಂಬಿನ ಪಕ್ಕ ಒಂದು ಟಾರ್ಚ್ ಇರಲಿ. ಕಾಲೊರಸು, ಚಾಪೆ, ಮೊಬೈಲ್ ಚಾರ್ಜರಿನ ವೈರು ಆ ದಾರಿಯಿಂದ ಆಚೆ ಹೋಗಬೇಕು. ಪಂಚೆ, ನೈಟಿ ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿರಲಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ತನ್ನಿ.

ಹೊಸ್ತಿಲ ವಿಷಯ ಸ್ವಲ್ಪ ನಾಜೂಕು. ಮುಂಬಾಗಿಲ ಹೊಸ್ತಿಲಿಗೆ ಅರಿಸಿನ ಕುಂಕುಮ ಇಡುವ ಮನೆಯಲ್ಲಿ ಅದನ್ನು ಕೀಳಿಸಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೋಣೆಯ ಮತ್ತು ಬಚ್ಚಲ ಹೊಸ್ತಿಲು ಮಾತ್ರ ತೆಗೆಸಿ. ನೀರು ಹೊರಗೆ ಬರುತ್ತದೆಂದು ಬಚ್ಚಲ ಕಟ್ಟೆ ಬಿಡಲೇಬೇಕಾದರೆ ಅಂಚಿಗೆ ಹಳದಿ ಟೇಪು ಅಂಟಿಸಿ, ಅಥವಾ ಇಳಿಜಾರು ಹಾಕಿಸಿ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು. ಮೂರು ಇಂಚಿನ ಕಟ್ಟೆಗೆ ಒಂದಡಿ ಇಳಿಜಾರು ಮಾಡಿಟ್ಟರೆ ಅದು ಜಾರುಬಂಡೆ.

ಬಚ್ಚಲಲ್ಲಿ ಗಾರೆಯವರು, ಪ್ಲಂಬರ್ ಎಲ್ಲರೂ ಮಾಡುವ ತಪ್ಪು ಹಿಡಿಕೆ ಕಂಬಿಯದು. ಟವೆಲ್ ಕಂಬಿ ಹಿಡಿಕೆ ಕಂಬಿಯಲ್ಲ. ಮೈಭಾರ ಬಿದ್ದರೆ ಸ್ಕ್ರೂ ಸಮೇತ ಕೈಗೆ ಬರುತ್ತದೆ. ಗಾಳಿ ಹೀರಿ ಟೈಲ್ಸಿಗೆ ಅಂಟುವ ಬಗೆಯದಂತೂ ಯಾವಾಗ ಬಿಡುತ್ತದೆಂದು ಹೇಳಲಾಗದು. 304 ದರ್ಜೆಯ ಸ್ಟೀಲಿನದು, ಒಂದೂಕಾಲರಿಂದ ಒಂದೂವರೆ ಇಂಚು ದಪ್ಪ, ಗೋಡೆಯಿಂದ ಒಂದೂವರೆ ಇಂಚು ಅಂತರ ಇರುವುದನ್ನು ಕೊಳ್ಳಿ. ಅಂತರ ಇದಕ್ಕಿಂತ ಹೆಚ್ಚಿದ್ದರೆ ಜಾರಿದ ಕೈ ಮೊಣಕೈವರೆಗೆ ಒಳಗೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಟೈಲ್ಸ್ ದಾಟಿ ಇಟ್ಟಿಗೆಯೊಳಕ್ಕೆ ಹೋಗಬೇಕು. ಈಚಿನ ಅಪಾರ್ಟ್‌ಮೆಂಟುಗಳ ಹಗುರ ಬ್ಲಾಕಿನ ಗೋಡೆಯಲ್ಲಿ ಮಾಮೂಲಿ ಪ್ಲಗ್ ಸಡಿಲವಾಗುತ್ತದೆ, ಅದಕ್ಕೆ ಕೆಮಿಕಲ್ ಆ್ಯಂಕರ್ (ತೂತಿಗೆ ಗಟ್ಟಿಯಾಗುವ ಅಂಟು ತುಂಬಿ ಬೋಲ್ಟು ಕೂರಿಸುವ ಬಗೆ) ಹಾಕಿಸಿ. ಎತ್ತರವನ್ನು ಪುಸ್ತಕ ನೋಡಿ ಗುರುತು ಮಾಡಬೇಡಿ. ಅಮ್ಮನನ್ನೇ ಕಮೋಡಿನ ಮೇಲೆ ಕೂರಿಸಿ, ಮೊಣಕೈ ತುಸು ಮಡಿಸಿ ಕೈ ಎಲ್ಲಿಗೆ ತಲುಪುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪಾರ್ಶ್ವವಾಯು ಆಗಿದ್ದರೆ ಗಟ್ಟಿ ಇರುವ ಕೈಯ ಕಡೆಗೇ ಕಂಬಿ, ನೀರಿನ ಜೆಟ್ಟೂ ಅದೇ ಕಡೆ. ಹಾಕಿದ ಮರುದಿನ ಮನೆಯ ಭಾರದ ಮನುಷ್ಯ ಪೂರ್ತಿ ಜಗ್ಗಿ ನೋಡಲಿ.

ಕಮೋಡ್ ತಗ್ಗಾಗಿದ್ದರೆ ಒಡೆಸುವ ಮೊದಲು ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಇಂಚಿನ ಎತ್ತರದ ಸೀಟು ಹಾಕಿ ನೋಡಿ. ಬಕೆಟ್ಟನ್ನು ನೆಲದಲ್ಲಿಡದೆ ಗಟ್ಟಿ ಪೀಠದ ಮೇಲಿಟ್ಟರೆ ಬಗ್ಗುವುದು ತಪ್ಪುತ್ತದೆ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲಲ್ಲ, ಬೆನ್ನಿಗೆ ಒರಗು, ಕಾಲಿಗೆ ರಬ್ಬರಿರುವ ಕುರ್ಚಿ. ಗೀಸರ್ 50 ಡಿಗ್ರಿ ದಾಟದಿರಲಿ, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಎಣ್ಣೆಸ್ನಾನದ ದಿನ ನೆಲವನ್ನು ಸೋಪುಪುಡಿ ಹಾಕಿ ತಿಕ್ಕದೆ ಇನ್ನೊಬ್ಬರನ್ನು ಒಳಗೆ ಬಿಡಬೇಡಿ.

ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಬಡಗಿಯನ್ನು ಕರೆಸಿ ಹೊರಕ್ಕೆ ತಿರುಗಿಸಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾಗಿರುತ್ತಾರೆ, ತಳ್ಳಿದರೆ ಪೆಟ್ಟು ಅವರಿಗೇ. ಚಿಲಕವನ್ನೂ ಹೊರಗಿಂದ ತೆಗೆಯಲು ಬರುವಂಥದ್ದಕ್ಕೆ ಬದಲಿಸಿ. ವೈರಿಲ್ಲದ ಕಾಲಿಂಗ್ ಬೆಲ್ಲಿನ ಗುಂಡಿಯನ್ನು ನೆಲದಿಂದ ಒಂದಡಿ ಮೇಲೆ ಅಂಟಿಸಿ. ಬಿದ್ದವರ ಕೈಗೆ ಎಟುಕಬೇಕಾದದ್ದು ಅದು, ನಿಂತವರ ಕೈಗಲ್ಲ. ವಾಕರ್, ಗಾಲಿಕುರ್ಚಿ ಕೊಳ್ಳುವ ಮೊದಲು ಟೇಪು ಹಿಡಿದು ಬಾಗಿಲ ಅಗಲ ಅಳೆಯಿರಿ. ಕುರ್ಚಿ ಬಂದ ಮೇಲೆ ಬಚ್ಚಲ ಬಾಗಿಲಲ್ಲಿ ಸಿಕ್ಕಿ ನಿಲ್ಲುವುದು ಬಹಳ ಮನೆಗಳ ಕಥೆ.

ಬಿದ್ದೇಬಿಟ್ಟರೆ ತೋಳು ಹಿಡಿದು ತಕ್ಷಣ ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮುರಿದಿರಬಹುದು. ಅಲ್ಲೇ ಬೆಚ್ಚಗೆ ಹೊದಿಸಿ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಮಾತಾಡುತ್ತ ಚೆನ್ನಾಗೇ ಇದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಆ ಹನ್ನೆರಡು ಹೆಜ್ಜೆಯೂ ಆಗದ ದಿನ ಬಂದಾಗ ಮಂಚದ ಪಕ್ಕ ಕಮೋಡ್ ಕುರ್ಚಿ, ಗಂಡಸರಾದರೆ ಯೂರಿನ್ ಪಾಟ್. ಅದೂ ದಾಟಿ ಪೂರ್ತಿ ಮಲಗಿದ ಮೇಲೆ ಕೆಲಸವೆಲ್ಲ ಚರ್ಮ ಕಾಯುವುದರಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಗೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದಾಗ ಬೆಳ್ಳಗಾಗದಿದ್ದರೆ, ಕಪ್ಪು ಮೈಬಣ್ಣದವರಲ್ಲಿ ಆ ಜಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ, ಹುಣ್ಣು ಶುರುವಾಗಿದೆ ಎಂದರ್ಥ. ಅಲ್ಲಿ ತಿಕ್ಕಿ ಎಣ್ಣೆ ಹಚ್ಚಬಾರದು. ನಡುವೆ ತೂತಿರುವ ರಬ್ಬರ್ ರಿಂಗು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದೆ, ಅದೂ ಬೇಡ. ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ತಂದರೂ ಮಗ್ಗುಲು ಬದಲಿಸುವುದು ತಪ್ಪಿದ್ದಲ್ಲ. ಸೊಂಟದ ನೇರಕ್ಕೆ ಅದರಡಿ ಕೈ ತೂರಿಸಿ ನೋಡಿ. ಮೂಳೆ ಕೈಗೆ ಒತ್ತಿದರೆ ಗಾಳಿ ಸಾಲದು. ಅದರ ಪಂಪನ್ನು ಯುಪಿಎಸ್ ಇರುವ ಪ್ಲಗ್ಗಿಗೇ ಹಾಕಿ.

ಇನ್ನು ನೋಡಿಕೊಳ್ಳುವವರು. ನಮ್ಮಲ್ಲಿ ಎಲ್ಲರನ್ನೂ ಹೋಂ ನರ್ಸ್ ಎನ್ನುತ್ತಾರೆ, ಆದರೆ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ಸ್ನಾನ, ಊಟ, ಡಯಾಪರ್ ಅವರ ಕೆಲಸ. ಇಂಜೆಕ್ಷನ್ ಕೊಡುವುದು, ಕ್ಯಾತಿಟರ್ (ಮೂತ್ರದ ನಳಿಕೆ) ಬದಲಿಸುವುದು ಅಲ್ಲ. 24 ಗಂಟೆಗೆ ಒಬ್ಬರೆಂದು ಏಜೆನ್ಸಿ ಹೇಳಿದರೂ, ರಾತ್ರಿ ಎರಡೆರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಿ ಹಗಲೂ ದುಡಿಯುವುದು ಯಾರಿಂದಲೂ ಆಗದು. ಹದಿನೈದೇ ದಿನಕ್ಕೆ ಅವರು ಬಿಟ್ಟು ಹೋಗುವುದಕ್ಕೆ ಬಹಳ ಸಲ ಇದೇ ಕಾರಣ. ಮಂಚ ಹತ್ತಿ ಇಳಿಯುವ ಹಂತವಿದ್ದರೆ ಒಬ್ಬರು ಸಾಕು, ಮಲಗಿದವರಿಗೆ ರಾತ್ರಿ ಇನ್ನೊಬ್ಬರು, ಅಥವಾ ಮನೆಯವರ ಪಾಳಿ. ಹೊಸಬರು ಬಂದ ದಿನ ಸಂಜೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಕತ್ತಲಲ್ಲಿ ಮಂಚದಿಂದ ಬಚ್ಚಲವರೆಗೆ ಅವರನ್ನು ಒಮ್ಮೆ ನಡೆಸಿ. ಟಾರ್ಚ್ ಎಲ್ಲಿದೆ, ಕಂಬಿ ಎಲ್ಲಿದೆ, ಬೆಲ್ಲು ಎಲ್ಲಿದೆ ಎಂದು ಅವರೇ ಮುಟ್ಟಿ ತೋರಿಸಲಿ.