ಕಾಫಿ ತೂಕದ ಲೆಕ್ಕ, ಭಾಗ 3: ಸ್ಲೋ ಯಾಕೆ ಅಂತ ಕೊನೆಗೂ ಸಿಕ್ತು

ಮೂಡಿಗೆರೆ ಹತ್ರ ಚಿಕ್ಕಪ್ಪನ ತೋಟದಲ್ಲಿ ರೋಬಸ್ಟಾ ಕೊಯ್ಲು ಜೋರಾಗಿದೆ. ಸಂಜೆ ಕಣದಲ್ಲಿ ಒಬ್ಬೊಬ್ರ ಹಣ್ಣಿನ ಚೀಲ ತೂಗಿ ರೈಟ್ರು (ತೋಟದ ಲೆಕ್ಕ ಬರೆಯೋರು) ಲ್ಯಾಪ್‌ಟಾಪಲ್ಲಿ ಎಂಟ್ರಿ ಹೊಡೀತಾರೆ. ಆ ಎಂಟ್ರಿ ಎಲ್ಲ ಕೂರೋ ಎಸ್‌ಕ್ಯೂಲೈಟ್ (ಇಡೀ ಡೇಟಾಬೇಸ್ ಒಂದೇ ಫೈಲಲ್ಲಿಡೋ ಸಾಫ್ಟ್‌ವೇರ್) ಫೈಲ್ ಮಾತ್ರ ಮನೆಯ ಹಳೇ ಪಿಸಿಲಿ, ಶೇರ್ಡ್ ಫೋಲ್ಡರಲ್ಲಿ, ಕಣದಿಂದ ವೈಫೈಲಿ ಅದನ್ನೇ ನೇರ ಓಪನ್ ಮಾಡ್ಸಿದ್ದೆ.

ಲ್ಯಾಪ್‌ಟಾಪ್ ಒಂದೇ ಇದ್ರೆ ಹೆಂಗೋ ಓಡ್ತಿತ್ತು, ಮನೇಲಿ ಚಿಕ್ಕಪ್ಪ ಲೆಕ್ಕ ನೋಡಕ್ಕೆ ಅಂತ ಓಪನ್ ಮಾಡಿದ್ರೋ ಮುಗೀತು, ಆಮೆ. ಫೈಲ್ ಒಬ್ರೇ ಹಿಡ್ಕೊಂಡಿರೋವರ್ಗೆ ವಿಂಡೋಸ್ ಲ್ಯಾಪ್‌ಟಾಪಲ್ಲೇ ಕ್ಯಾಶ್ ಮಾಡ್ಕೊಂಡು (ಅಂದ್ರೆ ಒಂದು ನಕಲು ಇಟ್ಕೊಂಡು) ಮ್ಯಾನೇಜ್ ಮಾಡತ್ತೆ, ಇನ್ನೊಬ್ರು ಬಂದ ತಕ್ಷಣ ಆ ಸವಲತ್ತು ಹೋಗತ್ತೆ, ಆಮೇಲೆ ಪ್ರತಿ ಲಾಕು (ಇಬ್ರು ಒಟ್ಟಿಗೆ ಬರೀದಂಗೆ ಹಾಕೋ ಬೀಗ), ಪ್ರತಿ 4096 ಬೈಟಿನ ಪೇಜೂ (ಫೈಲಿನ ತುಂಡು) ವೈಫೈಲಿ ಹೋಗಿ ಬರ್ಬೇಕು. ಒಂದು ಚೀಲದ ತೂಕ ಸೇವ್ ಆಗಕ್ಕೆ ಜರ್ನಲ್ ಫೈಲ್ (ಮಧ್ಯೆ ಕೆಟ್ರೆ ವಾಪಸ್ ಹೋಗಕ್ಕೆ ಹಳೇ ಡೇಟಾದ ನಕಲು) ಹುಟ್ಟಬೇಕು, ಡಿಸ್ಕಿಗೆ ಕೂರಬೇಕು, ಡೇಟಾ ಬರೀಬೇಕು, ಜರ್ನಲ್ ಅಳಿಸ್ಬೇಕು. ನಾನು ನೋಡಿದ್ರೆ ರೂಟರ್ ಸ್ಪೀಡು ಸಾಲ್ದು ಅಂತ ಹೊಸ ರೂಟರಿಗೆ ದುಡ್ಡು ಸುರಿದಿದ್ದೆ! ತಾಪತ್ರಯ ಇದ್ದಿದ್ದು ಸ್ಪೀಡಲ್ಲಲ್ಲ, ಓಡಾಟದಲ್ಲಿ.

ಇನ್ನೊಂದು ದಡ್ಡತನ ಹೇಳ್ಬೇಕು. ವಾಲ್ (WAL) ಮೋಡ್, ಅಂದ್ರೆ ಬದಲಾವಣೆನ ಮೊದ್ಲು ಬೇರೆ ಲಾಗ್ ಫೈಲಿಗೆ ಬರೆಯೋ ಎಸ್‌ಕ್ಯೂಲೈಟ್ ಸೆಟ್ಟಿಂಗ್, ಹಾಕಿದ್ರೆ ಫಾಸ್ಟ್ ಆಗತ್ತೆ ಅಂತ ಹಾಕ್ಬಿಟ್ಟೆ. ಅದಕ್ಕೆ ಎಲ್ಲ ಪ್ರೋಗ್ರಾಮೂ ಒಂದೇ ಮಷೀನಲ್ಲಿ ಮೆಮೊರಿ ಹಂಚ್ಕೋಬೇಕು, ನೆಟ್‌ವರ್ಕ್ ಫೋಲ್ಡರಲ್ಲಿ ನಡೆಯಲ್ಲ ಅಂತ ಎಸ್‌ಕ್ಯೂಲೈಟ್‌ನೋರೇ ಬರ್ದಿದಾರೆ, ಓದಿದ್ದು ಫೈಲ್ ಕೆಟ್ಟ ಮೇಲೆ. ಎರಡು ದಿನದ ತೂಕ ಹೋಯ್ತು ಅಂತ ಕೈಕಾಲು ತಣ್ಣಗಾಗಿದ್ರೆ ರೈಟ್ರು ಸುಮ್ನೆ ಕಂಕುಳಿಂದ ಕೆಂಪು ರಟ್ಟಿನ ಪುಸ್ತಕ ತೆಗೆದ್ರು, ಅದ್ರಲ್ಲೂ ಬರ್ಕೊಂಡಿದ್ರಂತೆ. "ಇದಕ್ಕೆ ಕರೆಂಟೂ ಬೇಡ, ನೆಟ್ಟೂ ಬೇಡ ಬಿಡಿ" ಅಂದ್ರು.

ಆ ಪುಸ್ತಕ ನೋಡಿ 180 ಸಾಲು ವಾಪಸ್ ಹಾಕುವಾಗ ಒಂದು ಟೆಸ್ಟೂ ಆಯ್ತು. ಒಂದೊಂದಾಗಿ ಹಾಕಿದ್ರೆ ನಿಮಿಷದ ಹತ್ರ, ಎಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲಕ್ಕೂ ಸೇರಿ ಒಂದೇ ಸೇವ್) ಸುತ್ತಿ ಹಾಕಿದ್ರೆ ಎಂಟರ್ ಒತ್ತಿ ಕೈ ತೆಗೆಯೋದ್ರೊಳಗೆ ಮುಗೀತು. ಆದ್ರೆ ಕಣದಲ್ಲಿ ಚೀಲ ಬರೋದೇ ಒಂದೊಂದಾಗಿ, ಅಲ್ಲಿ ಈ ಉಪಾಯ ನಡೆಯಲ್ಲ.

ಹಂಗಾಗಿ ಈಗ ಶೇರ್ಡ್ ಫೋಲ್ಡರ್ ಕಿತ್ತಾಕ್ದೆ. ಪಿಸಿಲೇ ಪೈಥಾನ್‌ಲಿ ಬರ್ದ ಚಿಕ್ಕ ಸರ್ವರ್ ಕೂರ್ಸಿದೀನಿ, ಫೈಲ್ ಮುಟ್ಟೋದು ಅದೊಂದೇ, ಕಣದಿಂದ ಬ್ರೌಸರಲ್ಲಿ ಹೆಸರು, ಕೆಜಿ ಕಳ್ಸಿದ್ರೆ ಒಂದು ಹೋಗಿ ಒಂದು ಬರತ್ತೆ ಅಷ್ಟೆ. ಚಿಕ್ಕಪ್ಪ ಎಷ್ಟು ಸಲ ಲೆಕ್ಕ ನೋಡಿದ್ರೂ ರೈಟ್ರಿಗೆ ಗೊತ್ತೇ ಆಗಲ್ಲ.

ಬಾಕಿ ಇರೋದು ಕರೆಂಟ್ ಹೋದಾಗಿನ ಕತೆ, ಪಿಸಿಗೆ ಯುಪಿಎಸ್ ಇದೆ ಆದ್ರೆ ರೂಟರಿಗಿಲ್ಲ. ಭಾನುವಾರ ಅದ್ರ ವೈರಿಂಗ್. ಕೆಂಪು ಪುಸ್ತಕ ಈ ಕೊಯ್ಲು ಮುಗಿಯೋವರ್ಗೂ ಇರ್ಲಿ ಅಂತ ನಾನೇ ಹೇಳಿದೀನಿ.