ಐದು ನಂಬರ್ ಚೈನಿಗೆ ಮೂರು ನಂಬರ್ ರನ್ನರ್

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಭಾವನದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಕೆಳಗೆ ಮಷಿನ್‌ಗಳು, ಮೇಲೆ ಮನೆ. 2025ರ ಮೇ ತಿಂಗಳಲ್ಲಿ ಒಂದು ಭಾನುವಾರ ಹೋಗಿದ್ದೆ. ಭಾವ ಅಟ್ಟದಿಂದ ಹಳೆಯ ನೆಟ್‌ಬುಕ್ ಇಳಿಸಿ, ಧೂಳು ಒರೆಸಿ ನನ್ನ ಮುಂದಿಟ್ಟರು. "ಪಾರ್ಟಿ ಕಳಿಸೋ ಅಳತೆ ಪಟ್ಟಿ ಇದ್ರಾಗ ನೋಡಾಕ ಬಂದ್ರ ಸಾಕಪ್ಪ" ಅಂದರು. ಫೋನ್‌ನಲ್ಲಿ ಆ ಪಿಡಿಎಫ್‌ಗಳನ್ನು ಓದಿ ಓದಿ ಅವರ ಕಣ್ಣು ಸೋತಿದ್ದವು.

1 ಜಿಬಿ ರ‍್ಯಾಮ್, 32 ಬಿಟ್‌ನ ಆಟಮ್ ಚಿಪ್. ನಾನು ಹೈಕು ಹಾಕಿದೆ. ಹೈಕು ಅಂದರೆ ಇಲ್ಲಿ ಕವಿತೆ ಅಲ್ಲ, ಆಪರೇಟಿಂಗ್ ಸಿಸ್ಟಮ್. ಬಿಓಎಸ್ ಅನ್ನೋ ಸಿಸ್ಟಮ್ ಮಾಡಿದ ಕಂಪನಿ 2001ರಲ್ಲಿ ಮಾರಾಟವಾದಾಗ, ಅದನ್ನು ಪ್ರೀತಿಸುತ್ತಿದ್ದವರು ಸೇರಿ ಮೊದಲಿನಿಂದ ಬರೆಯಲು ಶುರುಮಾಡಿದರು. ಇವತ್ತಿಗೂ ಬಿಟ್ಟಿಲ್ಲ. ಐದನೇ ಬೀಟಾ 2024ರ ಸೆಪ್ಟೆಂಬರ್‌ನಲ್ಲಿ ಬಂತು. ಅವರ ಹಟದ ಮೇಲೆ ನನಗೆ ತುಂಬಾ ಗೌರವ.

ಹೈಕು ಚೆನ್ನಾಗಿಯೇ ಕೂತಿತು. ವೈಫೈ ಮಾತ್ರ ಸಿಗಲಿಲ್ಲ. ಸರಿ, ನನ್ನ ಇನ್ನೊಂದು ಲ್ಯಾಪ್‌ಟಾಪ್‌ನ ಹಳೆಯ ಹೈಕುದಲ್ಲಿದ್ದ ಪಿಡಿಎಫ್ ರೀಡರ್ ಪೆನ್‌ಡ್ರೈವ್‌ನಲ್ಲಿತ್ತು, ಅದನ್ನೇ ಕಾಪಿ ಮಾಡಿದೆ. ಕ್ಲಿಕ್ ಮಾಡಿದರೆ ಏನೂ ಆಗಲಿಲ್ಲ. ಕಮಾಂಡ್ ಹೊಡೆಯುವ ಟರ್ಮಿನಲ್ ಕಿಟಕಿಯಿಂದ ಓಡಿಸಿದಾಗ ಕಾರಣ ಕಂಡಿತು. ಬಣ್ಣ ಸರಿಮಾಡುವ ಒಂದು ಲೈಬ್ರರಿ ಇಲ್ಲವಂತೆ. ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್ ಇರುವ ಫೈಲ್.

ಅದರ ಪ್ಯಾಕೇಜ್ ಕೂಡ ಪೆನ್‌ಡ್ರೈವ್‌ನಲ್ಲಿತ್ತು. ಹಾಕಿದೆ. ಮತ್ತೆ ಅದೇ ಸಾಲು. ಫೈಲ್ ಕಣ್ಣೆದುರಿಗೇ ಇದೆ, ಆದರೂ ಇಲ್ಲ ಅನ್ನುತ್ತದೆ! ಆಮೇಲೆ ಹೆಸರು ಸರಿಯಾಗಿ ಓದಿದೆ. 32 ಬಿಟ್ ಹೈಕುದಲ್ಲಿ ಲೈಬ್ರರಿಗಳಿಗೆ ಎರಡು ಮನೆ. ಬಿಓಎಸ್ ಕಾಲದ ಸಾಫ್ಟ್‌ವೇರ್ ಈಗಲೂ ಓಡಲಿ ಅಂತ ಒಂದು ಮನೆ ಹಳೆಯ ಜಿಸಿಸಿ 2.95 ಕಂಪೈಲರ್‌ನದು. ಕಂಪೈಲರ್ ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಸಾಧನ. ಇನ್ನೊಂದು ಹೊಸ ಜಿಸಿಸಿಯದು. ಹೊಸದರ ಪ್ಯಾಕೇಜ್ ಹೆಸರಿನ ಕೊನೆಗೆ 'ಎಕ್ಸ್86' ಅಂತ ಬಾಲ ಇರುತ್ತದೆ. ಆ ಲೈಬ್ರರಿಗಳು ಲಿಬ್ ಫೋಲ್ಡರ್ ಒಳಗಿನ ಇನ್ನೊಂದು ಫೋಲ್ಡರ್‌ನಲ್ಲಿ ಕೂರುತ್ತವೆ. ನಾನು ಹಾಕಿದ್ದು ಬಾಲ ಇಲ್ಲದ್ದು. ಬಾಲ ಇದ್ದದ್ದು ಹಾಕಿದ ಮೇಲೆ ಆ ತಕರಾರು ಮುಗಿಯಿತು.

ಮುಂದಿನದು ಪಾಪ್ಲರ್. ಪಿಡಿಎಫ್ ಪುಟವನ್ನು ಪರದೆ ಮೇಲೆ ಬಿಡಿಸುವ ಲೈಬ್ರರಿ ಇದು. ಹೊಸ ಆವೃತ್ತಿ ಬಂದಾಗಲೆಲ್ಲ ಹೆಚ್ಚುಕಡಿಮೆ ಇದರ ಫೈಲ್ ಹೆಸರಿನ ಕೊನೆಯ ಸಂಖ್ಯೆಯೂ ಬದಲಾಗುತ್ತದೆ. ರೀಡರ್ ಕೇಳಿದ್ದು ಒಂದು ಸಂಖ್ಯೆ, ನನ್ನ ಬಳಿ ಇದ್ದದ್ದು ಅದಕ್ಕಿಂತ ಎಷ್ಟೋ ಮುಂದಿನದು. ಸಿಸ್ಟಮ್‌ನ ಲಿಬ್ ಫೋಲ್ಡರ್ ಒಳಗೆ ಕೈ ಹಾಕಲು ಹೈಕು ಬಿಡುವುದಿಲ್ಲ. ಪ್ಯಾಕೇಜ್ ಆಗದ ಫೈಲ್‌ಗಳಿಗೆ ಬೇರೆ ಜಾಗ ಇದೆ. ಅಲ್ಲಿ ಹೊಸ ಲೈಬ್ರರಿಗೆ ಹಳೆಯ ಸಂಖ್ಯೆಯ ಹೆಸರಲ್ಲಿ ಒಂದು ಲಿಂಕ್ ಮಾಡಿದೆ. ಹಳೆಯ ಹೆಸರು ಕೇಳಿದರೂ ಹೊಸ ಫೈಲೇ ಸಿಗಲಿ ಅಂತ.

ಈ ಸಲ ಫೈಲ್ ಸಿಕ್ಕಿತು. ಆದರೆ ಅದರೊಳಗೆ ಒಂದು ಸಿಂಬಲ್, ಅಂದರೆ ರೀಡರ್ ಹೆಸರು ಹಿಡಿದು ಕರೆಯುವ ಕೋಡಿನ ಒಂದು ತುಂಡು, ಸಿಗಲಿಲ್ಲ. ಪರದೆ ತುಂಬಾ ಉದ್ದನೆಯ ಒಂದು ಹೆಸರು.

ಭಾವ ಪಕ್ಕದಲ್ಲೇ ಜಿಪ್ ಹಚ್ಚುತ್ತಿದ್ದರು. ಏನಾಯ್ತು ಅಂತ ಕೇಳಿದರು. ಹೇಳಿದೆ. ಅವರು ಡಬ್ಬಿಯಿಂದ ಎರಡು ರನ್ನರ್, ಅಂದರೆ ಜಿಪ್ ಎಳೆಯುವ ತುಂಡು, ತೆಗೆದು ನನ್ನ ಅಂಗೈಗಿಟ್ಟರು. ಒಂದು ಮೂರು ನಂಬರ್, ಇನ್ನೊಂದು ಐದು. ದೂರದಿಂದ ಎರಡೂ ಒಂದೇ, ಹಿತ್ತಾಳೆ ಬಣ್ಣ. "ಮೂರರ ಮ್ಯಾಲೆ ಐದು ಅಂತ ಬರದ್ರ ಐದರ ಚೈನಿಗೆ ಓಡತದೇನು?" ಅಂದರು. ಹಿಡಿದು ನೋಡಿದೆ. ಐದರ ಹಲ್ಲು ಮೂರರ ಬಾಯಿಗೆ ಹೋಗುವುದೇ ಇಲ್ಲ.

ಲೈಬ್ರರಿಯ ಆ ಸಂಖ್ಯೆಯೂ ಅಂಥದ್ದೇ. ಅದು ಸುಮ್ನೆ ಹಚ್ಚಿದ ಚೀಟಿ ಅಲ್ಲ. ಸಂಖ್ಯೆ ಬದಲಾಯಿತು ಅಂದರೆ ಒಳಗಿನ ಹಲ್ಲು ಬದಲಾಗಿದೆ ಅಂತ ಬರೆದವರೇ ಹೇಳಿದ ಹಾಗೆ. ಹೆಸರು ತಿದ್ದಿ ಓಡಿಸಿದರೆ ಒಮ್ಮೊಮ್ಮೆ ಓಡಲೂಬಹುದು. ನನಗೆ ಅದೇ ಜಾಸ್ತಿ ಭಯ. ಅಳತೆ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಾಗಿ ಕಂಡರೆ ಆ ಲಾಟಿನ ಬಟ್ಟೆಯೆಲ್ಲ ಹಾಳು ಅಲ್ವಾ?

ಮೊದಲು ಆ ಲಿಂಕ್ ಅಳಿಸಿದೆ. ಇದನ್ನು ಯಾರೂ ಮರೆಯಬಾರದು. ಹೈಕು ಲೈಬ್ರರಿ ಹುಡುಕುವಾಗ ಸಿಸ್ಟಮ್ ಫೋಲ್ಡರ್‌ಗಿಂತ ಮೊದಲು ಆ ಬೇರೆ ಜಾಗವನ್ನೇ ನೋಡುತ್ತದೆ. ಅಲ್ಲಿ ಉಳಿದ ಕಸ ನಾಳೆ ಸರಿಯಾದ ಲೈಬ್ರರಿಗೂ ಅಡ್ಡ ನಿಲ್ಲುತ್ತದೆ. ಕಾಪಿ ಮಾಡಿದ್ದ ರೀಡರ್ ಕೂಡ ತೆಗೆದೆ.

ಆಮೇಲೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದೆ. ನೆಟ್ ಬಂತು. ಹೈಕುದಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್ 'ಪಿಕೆಜಿಮ್ಯಾನ್ ಇನ್‌ಸ್ಟಾಲ್' ಹೊಡೆದು ರೀಡರ್‌ನ ಹೆಸರು ಕೊಟ್ಟೆ, ಬಾಲ ಸಮೇತ. ಪಾಪ್ಲರ್ ಯಾವುದು, ಅದಕ್ಕೆ ಬೇಕಾದವು ಯಾವುವು, ಎಲ್ಲ ಅದೇ ಪಟ್ಟಿ ಮಾಡಿ, ಹಾಕಲೇ ಅಂತ ಕೇಳಿತು. ಪ್ರತಿ ಪ್ಯಾಕೇಜ್ ಒಳಗೆ ತನಗೇನು ಬೇಕು, ತಾನೇನು ಕೊಡುತ್ತೇನೆ ಅಂತ ಯಾರೋ ಕೂತು ಬರೆದಿಟ್ಟಿರುತ್ತಾರೆ. ಆ ಪಟ್ಟಿ ನೋಡುವಾಗ ಅವರಿಗೆ ಮನಸ್ಸಲ್ಲೇ ಕೈ ಮುಗಿದೆ.

ಪಿಡಿಎಫ್ ತೆರೆಯಿತು. ಭಾವ ಕನ್ನಡಕ ತೆಗೆದಿಟ್ಟು, ಪರದೆಗೆ ಬೆರಳಿಟ್ಟು ಸೊಂಟ, ತೊಡೆ, ಮೋರಿ (ಪ್ಯಾಂಟಿನ ಕಾಲಿನ ತುದಿ) ಅಂತ ಒಂದೊಂದೇ ಅಳತೆ ಓದತೊಡಗಿದರು. ನಾನು ಆ ಕಮಾಂಡನ್ನು ಚೀಟಿಯಲ್ಲಿ ಬರೆದು ನೆಟ್‌ಬುಕ್‌ನ ಮುಚ್ಚಳಕ್ಕೆ ಅಂಟಿಸಿದೆ.