ಕೆಲಸಕ್ಕೂ ಹೋಗ್ತಾರೆ, ಮತ್ತೆ ಓದೋದು ಯಾವಾಗ ಮೇಡಂ?

ಸಂತೆಯಲ್ಲಿ ಬೀನ್ಸ್ ಆರಿಸುತ್ತಿದ್ದರೂ ಸರಿ, ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರೂ ಸರಿ, ಯಾರದಾದರೂ ಅಪ್ಪನೋ ಅಮ್ಮನೋ ಹಿಡಿದು ಕೇಳುತ್ತಾರೆ: "ಬೆಳಿಗ್ಗೆ ಕಾಲೇಜು, ಸಂಜೆ ಕೆಲಸ. ಮತ್ತೆ ಓದೋದು ಯಾವಾಗ ಮೇಡಂ?"

ನಾನು ಮಡಿಕೇರಿಯಲ್ಲಿ ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುವವಳು. ನನ್ನ ತರಗತಿಯಲ್ಲಿ ಮೆಡಿಕಲ್ ಶಾಪಿನವರಿದ್ದಾರೆ, ಬೇಕರಿಯವರಿದ್ದಾರೆ, ಶನಿವಾರ ಭಾನುವಾರ ಹೋಂಸ್ಟೇಯಲ್ಲಿ ಹಾಸಿಗೆ ಹಾಸಿ ತಟ್ಟೆ ತೊಳೆಯುವವರಿದ್ದಾರೆ. ಜನವರಿ ಬಂತೆಂದರೆ ರೊಬಸ್ಟಾ ಕೊಯ್ಲು. ಆಗ ಹಿಂದಿನ ಬೆಂಚು ಪೂರ್ತಿ ಖಾಲಿ.

ಮೊದಮೊದಲು ನಾನೂ ಟೈಂಟೇಬಲ್ ಕೊಡುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಏಳು, ಆರೂವರೆವರೆಗೆ ಓದು ಎಂದು ಗೆರೆ ಎಳೆದು, ಬಣ್ಣ ತುಂಬಿ. ಹೋಂಸ್ಟೇ ಹುಡುಗ ಒಬ್ಬ ಎರಡೇ ವಾರಕ್ಕೆ ಅದನ್ನು ಬಿಟ್ಟ, ಜೊತೆಗೆ ನನ್ನ ಕಣ್ಣಿಗೆ ಬೀಳುವುದನ್ನೂ ಬಿಟ್ಟ. ಭಾನುವಾರ ರಾತ್ರಿ ಹನ್ನೊಂದರವರೆಗೆ ಪ್ರವಾಸಿಗರ ಕ್ಯಾಂಪ್‌ಫೈರ್‌ಗೆ ಸೌದೆ ಒಟ್ಟುವವನಿಗೆ ಐದು ಗಂಟೆಯ ಉಪದೇಶ ಮಾಡಿದ್ದು ನನ್ನದೇ ತಪ್ಪು.

ಈಗ ನನ್ನ ಉತ್ತರ ಬೇರೆ. ಸಮಯ ಚೂರುಪಾರು ಸಿಕ್ಕೇ ಸಿಗುತ್ತದೆ. ಆದರೆ ಸಿಕ್ಕ ಅರ್ಧ ಗಂಟೆಯಲ್ಲಿ ಒಬ್ಬರೇ ಕೂತು ಏನು ಮಾಡಬೇಕು ಎನ್ನುವುದು ಈ ಮಕ್ಕಳಿಗೆ ಗೊತ್ತಿಲ್ಲ. ಹತ್ತು ಹನ್ನೆರಡು ವರ್ಷ ನಾವು ನೋಟ್ಸ್ ಬರೆಸಿದೆವು, ಅವರು ಬರೆದುಕೊಂಡರು. ಓದುವುದು ಎಂದರೆ ಅದೇ ನೋಟ್ಸ್ ಮೇಲೆ ಮತ್ತೊಮ್ಮೆ ಕಣ್ಣಾಡಿಸಿ ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು. ಎರಡನೇ ಸಲ ಓದಿದಾಗ ಎಲ್ಲ ಪರಿಚಿತ ಅನ್ನಿಸುತ್ತದೆ. ಪರಿಚಯವನ್ನೇ ಅವರು ತಿಳಿವಳಿಕೆ ಅಂದುಕೊಳ್ಳುತ್ತಾರೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಂದೇ ಸಲ ಓದಿ, ಹಾಳೆ ಮುಚ್ಚಿಟ್ಟು ನೆನಪಾದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಚೆನ್ನಾಗಿ ನೆನಪಿತ್ತು. ವಾರ ಕಳೆದು ಕೇಳಿದರೆ ಓದಿ ಬರೆದದ್ದರಲ್ಲಿ ಶೇ. 56 ಉಳಿದಿತ್ತು, ಬರೀ ಓದಿದ್ದರಲ್ಲಿ ಶೇ. 42. ಪರೀಕ್ಷೆಯ ಹಿಂದಿನ ರಾತ್ರಿಯ ಓದು ನಮಗೆಲ್ಲ ಯಾಕೆ ಅಷ್ಟು ಹಿತ ಅನ್ನಿಸುತ್ತದೆ ಎನ್ನುವುದಕ್ಕೂ ಇದರಲ್ಲೇ ಉತ್ತರ ಇದೆ.

ಮೆಡಿಕಲ್ ಶಾಪಿನ ಹುಡುಗಿ ಒಬ್ಬಳಿದ್ದಾಳೆ. ಕೆಲಸ ಮುಗಿಸಿ ಭಾಗಮಂಡಲದ ಕಡೆಯ ಬಸ್ ಹತ್ತುತ್ತಾಳೆ. ಆ ತಿರುವುಗಳಲ್ಲಿ ಪುಸ್ತಕ ಬಿಚ್ಚಿದರೆ ವಾಂತಿ ಗ್ಯಾರಂಟಿ. ಮಳೆಗಾಲದಲ್ಲಿ ಮನೆ ಸೇರಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಮೊಬೈಲಿನಲ್ಲಿ ಪಾಠ ನೋಡುವ ಮಾತೇ ಇಲ್ಲ. ಅವಳಿಗೆ ಹೇಳಿದ್ದು ಇಷ್ಟೇ: ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಎರಡು ಪುಟ ಓದು. ಹಳೇ ಬಿಲ್ಲಿನ ಹಿಂದೆ ಮೂರು ಪ್ರಶ್ನೆ ಬರೆದುಕೋ, ಉತ್ತರ ಬರೆಯಬೇಡ. ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಉತ್ತರ ಹೇಳಿಕೋ, ಮನೆಯಲ್ಲಿ ಯಾವ ಭಾಷೆ ಆಡ್ತೀಯೋ ಅದರಲ್ಲೇ. ಇಳಿದ ಮೇಲೆ ಪುಸ್ತಕ ನೋಡಿ ತಾಳೆ ಹಾಕು.

ಅವಳ ಒಂದು ಚೀಟಿ ನನ್ನ ಹತ್ತಿರ ಇನ್ನೂ ಇದೆ. "ಕಳೆ ಕೊಚ್ಚುವ ಮಿಷನ್ನು, 10,000 ರೂಪಾಯಿ, ಸವಕಳಿ ಶೇ. 10, ಎರಡನೇ ವರ್ಷ ಎಷ್ಟು?" ಬಸ್ಸಿನಲ್ಲಿ ಅವಳು ಹೇಳಿಕೊಂಡಿದ್ದ ಉತ್ತರ 1,000. ಸವಕಳಿ ಎಂದರೆ ವಸ್ತು ಬಳಸಿ ಸವೆದಂತೆ ಅದರ ಬೆಲೆಯಲ್ಲಿ ವರ್ಷ ವರ್ಷ ಕಳೆಯುವ ಮೊತ್ತ. ಪ್ರತಿ ವರ್ಷವೂ ಮೊದಲ ಬೆಲೆಯ ಮೇಲೆಯೇ ಲೆಕ್ಕ ಹಾಕುವ ಸ್ಥಿರ ಕಂತಿನ ವಿಧಾನವಾದರೆ ಅದೇ ಸರಿ. ಇಳಿಕೆ ಶಿಲ್ಕಿನ ವಿಧಾನದಲ್ಲಿ ಉಳಿದ 9,000ದ ಮೇಲೆ ಲೆಕ್ಕ, ಹಾಗಾಗಿ 900. ಪ್ರಶ್ನೆಯಲ್ಲಿ ವಿಧಾನವನ್ನೇ ಬರೆದಿಲ್ಲ ಎಂದು ಅವಳಿಗೆ ರಾತ್ರಿ ಹೊಳೆದಿತ್ತು, ಅಡಿಯಲ್ಲಿ ಕೆಂಪು ಶಾಯಿಯಲ್ಲಿ "ಯಾವ ಮೆಥಡ್??" ಎಂದು ಗೀಚಿದ್ದಳು. ನಾನು ಬೋರ್ಡಿನ ಮೇಲೆ ನಾಲ್ಕು ಸಲ ಹೇಳಿದ್ದು ಆ ಎರಡು ಪ್ರಶ್ನಾರ್ಥಕ ಚಿಹ್ನೆಯಷ್ಟು ನಾಟಿರಲಿಲ್ಲ.

ಎಲ್ಲರನ್ನೂ ಮೊದಲ ದಿನವೇ ಹೀಗೆ ಬಿಡಲು ಆಗುವುದಿಲ್ಲ. ಸೆಮಿಸ್ಟರಿನ ಮೊದಲ ತಿಂಗಳು ಪ್ರಶ್ನೆ ನಾನೇ ಕೊಡುತ್ತೇನೆ, ಆಮೇಲೆ ಪಕ್ಕದವರಿಗೆ ಅವರೇ ಕೊಡಬೇಕು, ಕೊನೆಗೆ ತಮಗೆ ತಾವೇ. ಕೆಲವರು ಗೊಣಗುತ್ತಾರೆ: "ನೋಟ್ಸೇ ಕೊಟ್ಬಿಡಿ ಮೇಡಂ." ಸುಸ್ತಾಗಿ ಬಂದವರ ಮುಖ ನೋಡಿ ಒಮ್ಮೊಮ್ಮೆ ಕೊಟ್ಟೂಬಿಡುತ್ತೇನೆ, ಸುಳ್ಳು ಯಾಕೆ ಹೇಳಲಿ.

"ಹಾಗಾದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ ಸೇರಿಸಿದರೆ ಆಗದಾ?" ಅಂತಲೂ ಕೇಳುತ್ತಾರೆ. 1996ರಿಂದ ಇರುವ ಒಳ್ಳೆಯ ದಾರಿ ಅದು, ದುಡಿಯುವವರಿಗೆ ಅನುಕೂಲವೂ ಹೌದು. ಆದರೆ ಅಲ್ಲಿ ಪುಸ್ತಕ ಕೈಗೆ ಬಂದ ಮೇಲೆ ಹೆಚ್ಚಿನ ದಿನ ನೀವು ಮತ್ತು ಪುಸ್ತಕ ಇಬ್ಬರೇ. ಒಬ್ಬರೇ ಓದಲು ಬಾರದವರಿಗೆ ಅಲ್ಲಿ ಇನ್ನೂ ಕಷ್ಟ.

ಕಳೆದ ಕೊಯ್ಲಿನ ಹೊತ್ತಿಗೆ ಅದೇ ಹುಡುಗಿ ಇನ್ನೊಂದು ಬಿಲ್ಲು ತಂದಳು. "ಮಿಷನ್ನಿಗೆ ಸವಕಳಿ ಆಯ್ತು. ಕಾಫಿ ಗಿಡಕ್ಕೂ ಹಾಕ್ತಾರಾ ಮೇಡಂ?" ನನ್ನ ಸಿಲೆಬಸ್ಸಿನಲ್ಲಿ ಅದು ಇಲ್ಲ. ನಾಳೆ ಹೇಳ್ತೇನೆ ಅಂದು ಮನೆಗೆ ಹೋಗಿ ಲೆಕ್ಕದ ಮಾನದಂಡ, ಅಂದರೆ ಲೆಕ್ಕ ಬರೆಯುವ ನಿಯಮಗಳನ್ನು ತೆರೆದೆ. ಹಾಕುತ್ತಾರೆ. ವರ್ಷ ವರ್ಷ ಫಸಲು ಕೊಡುವ ಗಿಡ ಲೆಕ್ಕದಲ್ಲಿ ಯಂತ್ರದ ಹಾಗೆಯೇ ಬಹುಕಾಲ ಬಳಸುವ ಆಸ್ತಿ. ಗಿಡದ ಮೇಲಿನ ಹಣ್ಣು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಮಾರನೇ ದಿನ ಹೇಳೋಣವೆಂದರೆ ಅವಳು ತರಗತಿಗೆ ಬಂದಿರಲಿಲ್ಲ, ಕಾಫಿ ಕುಯ್ಯಲು ಹೋಗಿದ್ದಳು.